ಡಾಕ್ಟರುಗಳ ಕೈಗೆ ಬಣ್ಣ ಹತ್ತಿದ ಶನಿವಾರ

ನಾನು ಡಾಕ್ಟರಾಗಿ ಮೊದಲು ಕೆಲಸಕ್ಕೆ ಸೇರಿದ ಆಸ್ಪತ್ರೆ ಈಗಿಲ್ಲ. ಆ ಕಟ್ಟಡದಲ್ಲಿ ಮದುವೆ ಛತ್ರ ನಡೆಯುತ್ತಿದೆ. ನಾವು ಗಾಯಕ್ಕೆ ಹೊಲಿಗೆ ಹಾಕುತ್ತಿದ್ದ ಕೋಣೆಯಲ್ಲಿ ಹೆಣ್ಣಿನ ಕಡೆಯವರು ಸೀರೆ ಉಡುತ್ತಾರಂತೆ. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸು ಅದರ ಮುಂದೆಯೇ ನಿಲ್ಲುತ್ತಿತ್ತು. ಊರು ಯಾವುದೆಂದು ಹೇಳುವುದು ಬೇಡ. ಆಗಿನ ಡಾಕ್ಟರುಗಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ನನ್ನ ಫೋನ್ ನಂಬರು ಅವರ ಬಳಿ ಇದೆ.

ತೊಂಬತ್ತರ ದಶಕದ ಕೊನೆಯ ಭಾಗ. ನಾವು ಮೂವರು ಡಾಕ್ಟರು. ದೊಡ್ಡ ಡಾಕ್ಟ್ರು ಎಂದು ಎಲ್ಲರೂ ಕರೆಯುತ್ತಿದ್ದ ಸರ್ಜನ್ನರು ಒಬ್ಬರು. ಜ್ವರ, ಶುಗರ್, ಬಿಪಿ ನೋಡುವ ಫಿಸಿಷಿಯನ್ನರು ಇನ್ನೊಬ್ಬರು. ಇವರು ದಿನವೂ ಬೇಲೂರಿನಿಂದ ಬಂದು ಹೋಗುತ್ತಿದ್ದರು. ಮೂರನೆಯವಳು ನಾನು, ಓದು ಮುಗಿಸಿ ಒಂದು ವರ್ಷವೂ ಆಗಿರಲಿಲ್ಲ. ನಮ್ಮ ಮೂವರನ್ನೂ ನಡೆಸುತ್ತಿದ್ದವರು ಹೆಡ್ ಸಿಸ್ಟರು.

ಒಂದು ದಿನ ಹಾಸನದಿಂದ ಕಾಗದ ಬಂತು. ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳುವುದು ಹೇಗೆ ಎಂದು ಎರಡು ದಿನದ ತರಬೇತಿ ಇದೆ, ಒಬ್ಬ ಡಾಕ್ಟರನ್ನು ಕಳಿಸಿ ಎಂದು. ದೊಡ್ಡ ಡಾಕ್ಟ್ರು ಕಾಗದವನ್ನು ಎರಡು ಸಲ ಓದಿ ನನ್ನ ಕಡೆ ತಳ್ಳಿದರು.

“ನಾನು ಹೋದ್ರೆ ಆಪರೇಷನ್ ನಿಲ್ಲುತ್ತೆ. ಇವರು ಹೋದ್ರೆ ಶುಗರಿನೋರು ನನ್ನ ತಲೆ ತಿಂತಾರೆ. ನೀನು ಹೋಗಿ ಬಾಮ್ಮ. ಊಟ ಚೆನ್ನಾಗಿರುತ್ತೆ.”

ಊಟ ಸುಮಾರಾಗಿತ್ತು. ಆದರೆ ಅಲ್ಲಿ ಪಾಠ ಹೇಳಿದ ಮೇಡಂ ಒಬ್ಬರು ಹೇಳಿದ್ದು ಮಾತ್ರ ನನ್ನ ಎದೆಗೆ ನಾಟಿತು. ಒಬ್ಬ ರೋಗಿಯ ಗಾಯದ ಕೀವು ಇನ್ನೊಬ್ಬ ರೋಗಿಯ ಗಾಯಕ್ಕೆ ನಡೆದುಕೊಂಡು ಹೋಗುವುದಿಲ್ಲ, ನಾವು ಡಾಕ್ಟರುಗಳೇ ಅದನ್ನು ಕೈಯಲ್ಲಿ ಹೊತ್ತುಕೊಂಡು ಹೋಗಿ ಕೊಡುತ್ತೇವೆ ಎಂದರು ಅವರು. ನಾನು ಮೇಜಿನ ಕೆಳಗೆ ನನ್ನ ಕೈ ನೋಡಿಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಕಂಬಿ ಹಿಡಿಯಲೂ ಮನಸ್ಸಾಗದೆ ಹಾರನಹಳ್ಳಿಯ ತನಕ ಓಲಾಡುತ್ತಾ ನಿಂತಿದ್ದೆ. ಅಲ್ಲಿ ಒಂದು ಸೀಟು ಸಿಕ್ಕಿತು.

ದೊಡ್ಡ ಡಾಕ್ಟ್ರ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆಪರೇಷನ್ನಿಗೆ ಮುಂಚೆ ಅವರು ಮೊಣಕೈಯವರೆಗೆ ಉಜ್ಜಿ ಉಜ್ಜಿ ತೊಳೆಯುವುದನ್ನು ನೋಡಿದರೆ ಪೂಜೆಗೆ ಕೂರುವವರೂ ನಾಚಬೇಕು. ಆದರೆ ಥಿಯೇಟರಿನ ಬಾಗಿಲು ದಾಟಿ ಹೊರಗೆ ಬಂದರೆ ಜಗತ್ತಿನಲ್ಲಿ ನೀರು ಇದೆ ಎನ್ನುವುದನ್ನೇ ಮರೆತುಬಿಡುತ್ತಿದ್ದರು. ಒಬ್ಬರ ಗಾಯದ ಪಟ್ಟಿ ಬಿಚ್ಚಿ ನೋಡಿ, ಪಕ್ಕದ ಹಾಸಿಗೆಯವರ ಹೊಟ್ಟೆ ಒತ್ತಿ, ಅದರ ಪಕ್ಕದ ಮಗುವಿನ ಕೆನ್ನೆ ಸವರಿ, ಯಾರಾದರೂ ಬಾಳೆಹಣ್ಣು ಕೊಟ್ಟರೆ ಅಲ್ಲೇ ನಿಂತು ಸುಲಿದು ತಿನ್ನುತ್ತಿದ್ದರು. ವಾರ್ಡಿನ ಬಾಗಿಲಲ್ಲೇ ಒಂದು ಬೇಸಿನ್ ಇತ್ತು. ಅದರ ಮೇಲಿನ ಸೋಪು ಯಾರೂ ಮುಟ್ಟದೆ ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಎಲ್ಲರಿಗೂ ಸೇರಿ ಒಂದೇ ಟವೆಲು, ಸೋಮವಾರಕ್ಕೊಂದು ಸಲ ಬದಲಾಗುತ್ತಿತ್ತು.

ನಾನು ಬೇಸಿನ್ನಿನ ಮೇಲೆ, ಕೈ ತೊಳೆಯುವುದು ಹೇಗೆ ಎಂದು ಚಿತ್ರ ಬರೆದು ಅಂಟಿಸಿದೆ. ದೊಡ್ಡ ಡಾಕ್ಟ್ರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಆರು ಹಂತ ಇದೆಯಲ್ಲಮ್ಮ. ಅಪೆಂಡಿಕ್ಸ್ ತೆಗೆಯೋದಕ್ಕೂ ಇಷ್ಟಿಲ್ಲ,” ಎಂದು ಹೇಳಿ ರೌಂಡ್ಸಿಗೆ ಹೋದರು.

ಫಿಸಿಷಿಯನ್ನರು ಬಹಳ ಮೃದು ಮನುಷ್ಯ. ಯೋಚನೆ ಮಾಡುವಾಗ ಕಿರುಬೆರಳಿನಿಂದ ಬಲಗಿವಿ ಕೆರೆದುಕೊಳ್ಳುವ ಅಭ್ಯಾಸ ಅವರಿಗೆ. ಅವರು ನನಗೆ ಬೇಸರವಾಗಬಾರದೆಂದು ನಿಧಾನವಾಗಿ ಹೇಳಿದರು. “ದಿನಾ ಅಷ್ಟು ಜನರನ್ನ ನೋಡ್ತೀನಿ ಡಾಕ್ಟ್ರೇ. ಒಬ್ಬೊಬ್ಬರಿಗೂ ತೊಳೀತಾ ಕೂತ್ರೆ ಅಂಗೈ ರೇಖೆ ಉಳಿಯುತ್ತಾ?”

ಕೊನೆಗೆ ಬೋಂಡ, ಕಾಫಿ ತರಿಸಿ, ಅರ್ಧ ಗಂಟೆ ಭಾಷಣ ಮಾಡಿದೆ. ಎಲ್ಲರೂ ತಲೆದೂಗಿದರು. ರೌಂಡ್ಸಿನಿಂದ ನೇರವಾಗಿ ಬಂದ ಕೈಯಲ್ಲೇ ಬೋಂಡ ಮುರಿದು ತಿನ್ನುತ್ತಾ ತಲೆದೂಗಿದರು. ಹೆಡ್ ಸಿಸ್ಟರು ಮಾತ್ರ ಗೋಡೆಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದರು. “ಇವರು ಕಿವೀಲಿ ಕೇಳೋ ಜನ ಅಲ್ಲ ಮೇಡಂ. ಕಣ್ಣಿಗೆ ಕಾಣಿಸ್ಬೇಕು,” ಎಂದರು.

ಆ ಮಾತು ತಲೆಯಲ್ಲಿಟ್ಟುಕೊಂಡು ನಾನು ಔಷಧಿ ಕೊಡುವ ಕಿಟಕಿಗೆ ಹೋದೆ. ಅಲ್ಲಿ ನಮ್ಮ ಕಾಂಪೌಂಡರು ಗಾಯಕ್ಕೆ, ಬಾಯಿಹುಣ್ಣಿಗೆ ಹಚ್ಚುವ ನೀಲಿ ಔಷಧಿ ಬೆರೆಸುತ್ತಿದ್ದರು. ಜೆನ್ಷನ್ ವೈಲೆಟ್ ಎಂದು ಅದರ ಹೆಸರು. ಡಬ್ಬಿಯಲ್ಲಿದ್ದಾಗ ಕಪ್ಪು ಹಸಿರಿನ ಒಣ ಪುಡಿ. ಒಂದು ಹನಿ ನೀರು ಬಿದ್ದರೆ ಸಾಕು, ನೇರಳೆ ಹಣ್ಣು ಕಿವುಚಿದ ಹಾಗೆ ಬಣ್ಣ ಬಿಡುತ್ತದೆ.

“ಇದು ಚರ್ಮಕ್ಕೆ ಹತ್ತಿದ್ರೆ ಹೋಗುತ್ತಾ?” ಎಂದು ಕೇಳಿದೆ.

ಅವರು ತಮ್ಮ ಬೆರಳುಗಳನ್ನು ಕಿಟಕಿಯಿಂದ ಹೊರಗೆ ಚಾಚಿದರು. “ನನ್ ಮದುವೆ ಫೋಟೋದಾಗೂ ಹಿಂಗೇ ಐತೆ ಮೇಡಂ.”

ಉಪಾಯ ಹೀಗಿತ್ತು. ಬೆಳಿಗ್ಗೆ ಡಾಕ್ಟರುಗಳು, ಹೆಡ್ ಸಿಸ್ಟರು ಸಹಿ ಹಾಕುವ ಹಾಜರಿ ಪುಸ್ತಕಕ್ಕೆ ಒಂದು ಕಪ್ಪು ಪೆನ್ನನ್ನು ದಾರದಿಂದ ಕಟ್ಟಿರುತ್ತಿದ್ದರು. ಅದಕ್ಕೆ ಈ ಒಣ ಪುಡಿಯನ್ನು ಒಂದಿಷ್ಟು ಸವರುವುದು. ಸಹಿ ಹಾಕಿದವರ ಕೈಗೆ ಪುಡಿ ಹತ್ತುತ್ತದೆ, ಒಣಗಿರುವುದರಿಂದ ಕಾಣುವುದಿಲ್ಲ. ವಾರ್ಡಿಗೆ ಹೋಗುವ ಮೊದಲು ಬೇಸಿನ್ನಿನಲ್ಲಿ ಕೈ ತೊಳೆದರೆ ಪುಡಿಯೆಲ್ಲ ಅಲ್ಲೇ ಹರಿದು ಹೋಗಿ, ಬೇಸಿನ್ ನೇರಳೆಯಾಗುತ್ತದೆ. ತೊಳೆಯದಿದ್ದರೆ, ಅವರು ಮುಟ್ಟಿದವರ ಬೆವರಿಗೆ ಬಣ್ಣ ಹತ್ತುತ್ತದೆ. ಹೇಗಿದ್ದರೂ ಗಾಯಕ್ಕೆ ಹಚ್ಚುವ ಔಷಧಿಯೇ, ಯಾರಿಗೂ ಕೆಡುಕಿಲ್ಲ. ಶನಿವಾರ ಆಪರೇಷನ್ ಇರುವುದಿಲ್ಲ. ಶುಕ್ರವಾರ ಹೆಡ್ ಸಿಸ್ಟರಿಗೆ ಮಾತ್ರ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, “ನಾನು ನಾಳೆ ಸಹಿ ಆಮೇಲೆ ಹಾಕ್ತೀನಿ,” ಎಂದರು.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಗ್ಲೌಸ್ ಹಾಕಿಕೊಂಡು, ಕಾಂಪೌಂಡರು ಯಾಕೆಂದು ಕೇಳದೆ ಪೊಟ್ಟಣ ಕಟ್ಟಿ ಕೊಟ್ಟಿದ್ದ ಪುಡಿಯನ್ನು ಪೆನ್ನಿಗೆ ಸವರಿದೆ. ಒಂದು ಚಿಟಿಕೆ ಸಾಕು ಎಂದಿದ್ದರು ಅವರು. ವಿಜ್ಞಾನದ ಮೇಲಿನ ಉತ್ಸಾಹಕ್ಕೆ ಎರಡು ಚಿಟಿಕೆ ಹಾಕಿದೆ. ಉಳಿದ ಪೊಟ್ಟಣವನ್ನು ಏಪ್ರನ್ ಜೇಬಿಗೆ ಹಾಕಿಕೊಂಡು, ಸಾಕ್ಷಾತ್ ನಿರ್ದೋಷಿಯ ಹಾಗೆ ಹೋಗಿ ಕುಳಿತೆ. ಒಂಬತ್ತಕ್ಕೆ ದೊಡ್ಡ ಡಾಕ್ಟ್ರು ಬಂದು ಸಹಿ ಹಾಕಿದರು. ಅವರ ಸಹಿ ಉದ್ದ, ಕೊನೆಗೆ ಎರಡು ಗೆರೆ ಬೇರೆ ಎಳೆಯುತ್ತಿದ್ದರು. ಪೆನ್ನನ್ನು ಚೆನ್ನಾಗಿಯೇ ಹಿಡಿದರು. ಫಿಸಿಷಿಯನ್ನರು ಬಂದು, ಸಹಿ ಹಾಕಿ, ಯಾಕೋ ತಾರೀಖು ಮರೆತು, ಪೆನ್ನು ಹಿಡಿದುಕೊಂಡೇ ಕಿವಿ ಕೆರೆಯುತ್ತಾ ನಿಂತರು. ಆಮೇಲೆ ಇಬ್ಬರೂ ಬೇಸಿನ್ನಿನ ಪಕ್ಕದಲ್ಲೇ ನಡೆದು ಒಳಗೆ ಹೋದರು.

ಏಪ್ರಿಲ್ ತಿಂಗಳು, ಹತ್ತು ಗಂಟೆಗೇ ಸೆಕೆ. ಹನ್ನೊಂದರ ಹೊತ್ತಿಗೆ ಹೆಂಗಸರ ವಾರ್ಡಿನಿಂದ ಕರೆ ಬಂತು. ಗಂಡಸಿ ಊರಿನ ಕಡೆಯ ಒಬ್ಬ ಅಜ್ಜಿ ಕಾಲಿನ ಗಾಯಕ್ಕೆಂದು ಸೇರಿದ್ದರು. ಅವರು ಮಣಿಕಟ್ಟನ್ನು ನನ್ನ ಮುಂದೆ ಹಿಡಿದರು. ಅಲ್ಲಿ ನಾಲ್ಕು ಬೆರಳಿನ ಗುರುತು ನೇರಳೆ ಬಣ್ಣದಲ್ಲಿ ಅಚ್ಚಾಗಿ ಮೂಡಿತ್ತು.

“ಏನೋ ಬಂದ್‌ಬುಟ್ಟೈತೆ ನೋಡವ್ವ, ಡಾಕ್ಟ್ರಮ್ಮ. ಬೆಳಗ್ಗೆ ಎದ್ದಾಗ ಇರ್ನಿಲ್ಲ.”

ಪಕ್ಕದ ಹಾಸಿಗೆಯಾಕೆಯ ಹೊಟ್ಟೆಯ ಮೇಲೆ ಪೂರ್ತಿ ಅಂಗೈ. ಅದರಾಚೆಯ ಮಗುವಿನ ಎರಡೂ ಕೆನ್ನೆಗೆ ಎರಡು ಬೊಟ್ಟು. ಒಬ್ಬರ ಗಾಯದ ಪಟ್ಟಿಯ ಅಂಚು, ಇನ್ನೊಬ್ಬರ ಕಣ್ಣಿನ ಕೆಳಗೆ, ಮತ್ತೊಬ್ಬರ ಮೊಣಕಾಲು, ಕೇಸ್ ಶೀಟುಗಳು, ಮಂಚದ ಕಂಬಿ, ನೀರಿನ ಹೂಜಿ. ಹೆಡ್ ಸಿಸ್ಟರು ನನ್ನ ಹಿಂದೆ ಬರುತ್ತಾ ಒಂದೊಂದನ್ನೂ ತೋರಿಸುತ್ತಿದ್ದರು. ದೊಡ್ಡ ಡಾಕ್ಟ್ರು ಯಾವ ಹಾಸಿಗೆಯಿಂದ ಯಾವ ಹಾಸಿಗೆಗೆ ಹೋದರು, ಎಲ್ಲಿ ನಿಂತು ಬಾಳೆಹಣ್ಣು ತಿಂದರು ಎನ್ನುವುದೆಲ್ಲ ನಕ್ಷೆ ಬರೆದಂತೆ ತಿಳಿಯುತ್ತಿತ್ತು. ಕಿಟಕಿಯ ಪಕ್ಕದ ಹಾಸಿಗೆಯ ಒಬ್ಬಾಕೆ ಮಾತ್ರ ಮುಖ ಊದಿಸಿಕೊಂಡಿದ್ದಳು. ಅವತ್ತು ಅವಳನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

“ಎಲ್ರಿಗೂ ಹಚ್ಚವ್ರೆ. ನಂಗ್ಯಾಕೆ ಹಚ್ಚಿಲ್ಲ? ನಾವೇನು ಪುಗಸಟ್ಟೆ ಬಂದೀವಾ?” ಎಂದಳು. ಅವಳ ಸಮಾಧಾನಕ್ಕೆ ಸಿಸ್ಟರು ಹತ್ತಿಯನ್ನು ಅದೇ ಔಷಧಿಯಲ್ಲಿ ಅದ್ದಿ ಅವಳ ಕೈಗೂ ಒಂದು ಚುಕ್ಕೆ ಇಡಬೇಕಾಯಿತು.

ಅಷ್ಟು ಹೊತ್ತಿಗೆ ದೊಡ್ಡ ಡಾಕ್ಟ್ರ ಕೋಣೆಯಿಂದ ಕಾಂಪೌಂಡರಿಗೆ ಕರೆ ಹೋಗಿತ್ತು. ಆಸ್ಪತ್ರೆಯಲ್ಲಿ ನೇರಳೆ ಬಣ್ಣ ಎಂದರೆ ಅವರದೇ ಎಂಬ ಲೆಕ್ಕ. ಪಾಪ, ಅವರಿಗೆ ಬೈಗುಳ ಬೀಳಬಾರದೆಂದು ನಾನೂ ಓಡಿದೆ. ಒಳಗೆ ದೊಡ್ಡ ಡಾಕ್ಟ್ರು ಕುಳಿತಿದ್ದರು. ಬೆವರು ಒರೆಸಿಕೊಂಡಿದ್ದರಿಂದ ಹಣೆಯ ಮೇಲೆ ಮೂರು ಅಡ್ಡ ಗೆರೆ, ವಿಭೂತಿ ಇಟ್ಟ ಹಾಗೆ. ತುಟಿಯ ಅಂಚಿನಲ್ಲಿ ಬಾಳೆಹಣ್ಣಿನ ಗುರುತು. ಫಿಸಿಷಿಯನ್ನರ ಬಲಗಿವಿ ಮೇಲಿನಿಂದ ಕೆಳಗಿನವರೆಗೆ ನೇರಳೆಯಾಗಿ, ಬೇರೆ ಯಾರದೋ ಕಿವಿ ತಂದು ಅಂಟಿಸಿದಂತೆ ಕಾಣುತ್ತಿತ್ತು.

ನಾನು ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಪೆನ್ನು, ಪುಡಿ, ಬೇಸಿನ್, ಎಲ್ಲ.

ದೊಡ್ಡ ಡಾಕ್ಟ್ರು ತಮ್ಮ ಬೆರಳುಗಳನ್ನು ನೋಡಿಕೊಂಡು ಕೇಳಿದರು. “ಅಂದ್ರೆ ಬೆಳಗ್ಗೆಯಿಂದ ನಾನು ಒಂದ್ಸಲಾನೂ ಕೈ ತೊಳೆದಿಲ್ಲ ಅಂತ.”

“ಹೌದು ಸಾರ್.”

“ಬೇಸಿನ್ನಿಗೆ ಬಣ್ಣ ಹತ್ತಿಲ್ವಾ?”

“ಇಲ್ಲ ಸಾರ್.”

ಅವರು ಎದ್ದು ಹೋಗಿ ನೋಡಿಕೊಂಡು ಬಂದರು. ಬೇಸಿನ್ ಹಾಲಿನಂತೆ ಬೆಳ್ಳಗಿತ್ತು. ವಾಪಸು ಬಂದು ಕುಳಿತು ನನ್ನ ಮುಖವನ್ನೇ ದಿಟ್ಟಿಸಿದರು. ಈಗ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಸರಿ. ನಿನ್ನ ತುಟಿಗೇನಾಗಿದೆಯಮ್ಮ?”

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ತುಟಿ, ಗಲ್ಲ, ಮುಂದಿನ ಎರಡು ಹಲ್ಲು, ಎಲ್ಲ ನೇರಳೆ. ಏಪ್ರನ್ ಜೇಬಿನಲ್ಲಿದ್ದ ಪೊಟ್ಟಣ ಬಿಚ್ಚಿಕೊಂಡು ನನ್ನ ಸ್ವಂತ ಪೆನ್ನಿಗೆ, ಅದರಿಂದ ಕೈಗೆ ಪುಡಿ ಹತ್ತಿತ್ತು. ಬರೆಯುವಾಗ ಪೆನ್ನಿನ ತುದಿ ಕಚ್ಚುವುದು ನನಗೆ ಹೈಸ್ಕೂಲಿನಿಂದ ಬಂದ ರೋಗ. ಬೆಳಿಗ್ಗೆಯಿಂದ ಆ ಕೈಯಲ್ಲೇ ಎರಡು ಇಂಜೆಕ್ಷನ್ ಕೊಟ್ಟಿದ್ದೆ, ಒಬ್ಬರ ಹೊಲಿಗೆಯ ಪಟ್ಟಿ ಬದಲಿಸಿದ್ದೆ. ಊರಿಗೆಲ್ಲ ಉಪದೇಶ ಮಾಡಿದವಳು ನಾನೂ ಬೇಸಿನ್ನಿನ ಹತ್ತಿರ ಹೋಗಿರಲಿಲ್ಲ. ಹೋಗಿದ್ದರೆ ಅದು ಬೆಳ್ಳಗೆ ಉಳಿಯುತ್ತಿರಲಿಲ್ಲವಲ್ಲ.

“ಬೆಳಗ್ಗೆನೇ ನೋಡಿದೆ ಮೇಡಂ,” ಎಂದರು ನನ್ನ ಹಿಂದೆಯೇ ಬಂದಿದ್ದ ಹೆಡ್ ಸಿಸ್ಟರು. “ಹಾಸನಕ್ಕೆ ಹೋಗಿ ಬಂದ್ಮೇಲೆ ಲಿಪ್‌ಸ್ಟಿಕ್ ಶುರು ಮಾಡಿದ್ದೀರಿ ಅಂದ್ಕೊಂಡೆ.”

ದೊಡ್ಡ ಡಾಕ್ಟ್ರು ನಗಲು ಶುರು ಮಾಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣೀರು ಒರೆಸಿಕೊಂಡು ನಕ್ಕರು. ಕಣ್ಣಿನ ಸುತ್ತ ಇನ್ನೆರಡು ನೇರಳೆ ಉಂಗುರ ಮೂಡಿದವು. ಆಮೇಲೆ ನಾವು ಮೂವರೂ ಬೇಸಿನ್ನಿನ ಮುಂದೆ ಸಾಲಾಗಿ ನಿಂತೆವು. ಆ ಆಸ್ಪತ್ರೆಯಲ್ಲಿ ಕೈ ತೊಳೆಯಲು ಸಾಲು ನಿಂತದ್ದು ಅದೇ ಮೊದಲು. ಸೋಪು, ಸ್ಪಿರಿಟ್ಟು, ನಿಂಬೆಹಣ್ಣು, ಹುಣಿಸೆಹಣ್ಣು, ಏನು ಹಾಕಿ ತಿಕ್ಕಿದರೂ ಬಣ್ಣ ತೆಳುವಾಯಿತೇ ಹೊರತು ಹೋಗಲಿಲ್ಲ. ತಿಕ್ಕಿ ತಿಕ್ಕಿ ಸುಸ್ತಾದ ಮೇಲೆ ಫಿಸಿಷಿಯನ್ನರು ತಮ್ಮ ಅಂಗೈಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. “ನಾಳೆ ನಮ್ಮ ಮನೆಗೆ ಗಂಡಿನ ಕಡೆಯೋರು ಬರ್ತಿದ್ದಾರೆ. ಮಗಳನ್ನ ನೋಡೋಕೆ.”

ದೊಡ್ಡ ಡಾಕ್ಟ್ರು ಇನ್ನೊಂದು ನಿಂಬೆಹಣ್ಣು ಕತ್ತರಿಸಿ ಅವರ ಕೈಗೆ ಕೊಟ್ಟರು.

ಸಂಜೆ ಫಿಸಿಷಿಯನ್ನರ ಮನೆಯವರು ಆಸ್ಪತ್ರೆಗೆ ಫೋನ್ ಮಾಡಿ ನನ್ನನ್ನೇ ಕರೆಸಿಕೊಂಡರು. “ಬಣ್ಣ ಹಚ್ಚಿದೋರು ನೀವೇ ಅಲ್ವೇನ್ರೀ? ನಾಳೆ ಹನ್ನೊಂದಕ್ಕೆ ನಮ್ಮನೇಲಿ ಇರಿ. ನಮ್ಮ ಯಜಮಾನ್ರಿಗೆ ಯಾವ ಅಂಟುರೋಗಾನೂ ಇಲ್ಲ ಅಂತ ಬಂದೋರಿಗೆ ನೀವೇ ಹೇಳ್ಬೇಕು.” ಅವರು ನನ್ನನ್ನು ಅದುವರೆಗೆ ನೋಡಿರಲಿಲ್ಲ. ನನ್ನ ತುಟಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಭಾನುವಾರ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಬೇಲೂರಿನ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಹೆಂಗಸೊಬ್ಬರು ಟಿಕೆಟ್ ತೆಗೆದುಕೊಳ್ಳುವಾಗ ನನ್ನ ಬಾಯಿ ನೋಡಿಬಿಟ್ಟರು. “ನೇರಳೆ ಹಣ್ಣು ಎಲ್ಲಿ ಸಿಕ್ತವ್ವ? ಇನ್ನೂ ಕಾಲ ಬಂದಿಲ್ವಲ್ಲ.” ಅರಸೀಕೆರೆಯಲ್ಲಿ ಎಂದು ಸುಳ್ಳು ಹೇಳಿದೆ. ಅರಸೀಕೆರೆಯಲ್ಲಿ ಎಲ್ಲಿ, ಯಾರ ತೋಟ, ಸೇರು ಎಷ್ಟು ಎಂದು ಬೇಲೂರಿನ ಬಸ್ ಸ್ಟ್ಯಾಂಡಿನವರೆಗೆ ಕೇಳಿದರು.

ಡಾಕ್ಟ್ರ ಮನೆಯಲ್ಲಿ ಗಂಡಿನ ಕಡೆಯವರು ಆಗಲೇ ಬಂದು ಕುಳಿತಿದ್ದರು. ನಾನು ಬಾಗಿಲಲ್ಲೇ ನಿಂತೆ. ಹುಡುಗ, ಅವನ ತಂದೆತಾಯಿ, ಸೋದರಮಾವ, ಮತ್ತು ಎಲ್ಲರ ಮಧ್ಯದ ಕುರ್ಚಿಯಲ್ಲಿ ಅವನ ಅಜ್ಜಿ. ಫಿಸಿಷಿಯನ್ನರು ಆ ಸೆಕೆಯಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಕುಳಿತಿದ್ದರು. ಮೈ ಹುಷಾರಿಲ್ಲವೇ ಎಂದು ಹುಡುಗನ ತಂದೆ ಕೇಳಿದರೆ, ಸ್ವಲ್ಪ ಚಳಿ ಎನ್ನುತ್ತಿದ್ದರು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಮಗಳು ಕೇಸರಿಬಾತಿನ ತಟ್ಟೆ ತಂದು ಅಪ್ಪನ ಮುಂದೆಯೂ ಹಿಡಿದಳು. ಬೇರೆ ದಾರಿಯಿಲ್ಲದೆ ಶಾಲಿನಿಂದ ಕೈ ಹೊರಗೆ ಬಂತು.

ಸೋದರಮಾವ ಅದನ್ನು ಹಿಂದೆ ಮುಂದೆ ನೋಡಿದರು. “ಇದ್ಯಾವ ಎಲೆಕ್ಷನ್ ಸಾರ್? ನಮ್ಗೆಲ್ಲ ಒಂದು ಬೆರಳಿಗೆ ಹಾಕ್ತಾರೆ.”

ಗಾಬರಿಯಲ್ಲಿ ಫಿಸಿಷಿಯನ್ನರು ಏನು ಹೇಳುವುದೆಂದು ಯೋಚಿಸತೊಡಗಿದರು. ಯೋಚಿಸುವಾಗ ಅವರ ಕಿರುಬೆರಳು ತಾನಾಗಿಯೇ ಮಫ್ಲರಿನೊಳಗೆ ಹೋಯಿತು. ಮಫ್ಲರ್ ಜಾರಿತು. ಕಿವಿ ಕಾಣಿಸಿತು. ಸರಿಯಾಗಿ ಅದೇ ಹೊತ್ತಿಗೆ ಅವರ ಮನೆಯವರು, “ನಮ್ಮ ಯಜಮಾನ್ರ ಆಸ್ಪತ್ರೆಯ ಲೇಡಿ ಡಾಕ್ಟ್ರು ಬಂದಿದ್ದಾರೆ, ಅವರು ಎಲ್ಲಾ ಹೇಳ್ತಾರೆ,” ಎಂದು ನನ್ನನ್ನು ಬಾಗಿಲಿನಿಂದ ಒಳಗೆ ಕರೆದರು. ನಮಸ್ಕಾರ ಮಾಡಲು ಎರಡೂ ಕೈ ಬೇಕಾದ್ದರಿಂದ ನಾನು ಕರವಸ್ತ್ರ ಇಳಿಸಿದೆ.

ಅಜ್ಜಿ ನನ್ನ ತುಟಿ ನೋಡಿದರು. ಡಾಕ್ಟ್ರ ಕಿವಿ ನೋಡಿದರು. ಇನ್ನೊಮ್ಮೆ ನನ್ನ ತುಟಿ ನೋಡಿದರು.

ಅವರು ಏನು ಯೋಚಿಸುತ್ತಿದ್ದಾರೆ ಎಂದು ಹೊಳೆದದ್ದೇ ನಾನು ಕರವಸ್ತ್ರವನ್ನು ಮತ್ತೆ ಬಾಯಿಗೆ ಏರಿಸಿದೆ. ಡಾಕ್ಟ್ರ ಮನೆಯವರಿಗೂ ಅದೇ ಕ್ಷಣಕ್ಕೆ ಹೊಳೆಯಿತು. ಅವರು ಹತ್ತಿರವಿದ್ದ ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತರು. ನಾನು ಕುಳಿತುಕೊಳ್ಳದೆ, ಉಸಿರೂ ಬಿಡದೆ, ಪೆನ್ನು, ಪುಡಿ, ಹಾಜರಿ ಪುಸ್ತಕ, ದೊಡ್ಡ ಡಾಕ್ಟ್ರ ಹಣೆ, ಗಂಡಸಿಯ ಅಜ್ಜಿಯ ಮಣಿಕಟ್ಟು, ನಾನು ಪೆನ್ನು ಕಚ್ಚುವ ಚಟ, ಎಲ್ಲವನ್ನೂ ಹೇಳಿ ಮುಗಿಸಿದೆ. ಸಾಕ್ಷಿಗೆಂದು ಬ್ಯಾಗಿನಿಂದ ಕಚ್ಚಿದ ಪೆನ್ನನ್ನೂ ತೆಗೆದು ತೋರಿಸಿದೆ.

ಅಜ್ಜಿ ಪೆನ್ನು ನೋಡಲಿಲ್ಲ. ಫಿಸಿಷಿಯನ್ನರ ಕಡೆ ತಿರುಗಿ ಕೇಳಿದರು. “ಅಂದ್ರೆ ಡಾಕ್ಟ್ರುಗಳು ಕೈ ತೊಳೆಯಲ್ವಾ?”

ಅವರು ಮಫ್ಲರ್ ಪೂರ್ತಿ ಬಿಚ್ಚಿ ಮಡಿಲಿನಲ್ಲಿಟ್ಟುಕೊಂಡರು. “ತೊಳೀಬೇಕು ತಾಯಿ. ನಾನು ತೊಳೀತಿರ್ಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ.”

“ನಂಗೆ ಗರ್ಭಕೋಶ ತೆಗೆದಾಗ ಹೊಲಿಗೆ ಕೀವಾಗಿ ಒಂದೂವರೆ ತಿಂಗಳು ಮಲಗಿದ್ದೆ. ಆಗಿನ ಡಾಕ್ಟ್ರು, ನೀನು ಬದನೆಕಾಯಿ ತಿಂದಿದೀಯ, ಅದಕ್ಕೇ ನಂಜಾಗಿದೆ ಅಂತ ಬೈದ್ರು. ಅವತ್ತಿಂದ ಇವತ್ತಿನವರೆಗೂ ನಾನು ಬದನೆಕಾಯಿ ಬಾಯಿಗೆ ಇಟ್ಟಿಲ್ಲ.” ಅಜ್ಜಿ ಸ್ವಲ್ಪ ಮುಂದೆ ಬಾಗಿದರು. “ಅದು ಬದನೆಕಾಯಿನಾ, ಅವರ ಕೈನಾ?”

“ಕೈಯೇ ಇರ್ಬೋದು ತಾಯಿ. ಬದನೆಕಾಯಿ ಅಂತೂ ಅಲ್ಲ.”

ಅಜ್ಜಿ ಕುರ್ಚಿಗೆ ಒರಗಿದರು. ಎಷ್ಟೋ ವರ್ಷದ ಬದನೆಕಾಯಿಗಳನ್ನು ಅವರು ಮನಸ್ಸಿನಲ್ಲಿ ನೆನೆದುಕೊಳ್ಳುತ್ತಿದ್ದರು ಅನ್ನಿಸುತ್ತದೆ. ಆಮೇಲೆ ಅಡುಗೆಮನೆಯ ಕಡೆ ಮೂಗು ತಿರುಗಿಸಿ, “ಒಳಗೆ ಘಮ್ಮಂತ ಬರ್ತಿದೆಯಲ್ಲ, ಏನದು?” ಎಂದು ಕೇಳಿದರು.

“ವಾಂಗೀಬಾತ್,” ಎಂದಳು ಹುಡುಗಿ. ಅವಳು ಅವತ್ತು ಆಡಿದ ಮೊದಲ ಮಾತು ಅದು.

“ಹಾಕ್ಕೊಂಡು ಬಾ ಮಗಳೇ. ಮೊದ್ಲು ಎಲ್ರೂ ಎದ್ದು ಕೈ ತೊಳ್ಕೊಳ್ಳಿ.”

ಅಜ್ಜಿ ಎರಡು ಸಲ ಹಾಕಿಸಿಕೊಂಡರು. ನಿಜ ಹೇಳುವ ಮನೆ, ಅಡುಗೆಯೂ ಚೆನ್ನಾಗಿದೆ, ಇನ್ನೇನು ನೋಡಬೇಕು ಎಂದು ಅವರೇ ಮಾತು ಮುಗಿಸಿದರು. ಹುಡುಗ ಹುಡುಗಿ ಪರಸ್ಪರ ಒಪ್ಪಿದರೋ ಇಲ್ಲವೋ ಎಂದು ಯಾರೋ ಆಮೇಲೆ ನೆನಪಿಸಿಕೊಂಡು ಕೇಳಿದರು. ಒಪ್ಪಿದ್ದರು.

ಸೋಮವಾರ ಫಿಸಿಷಿಯನ್ನರು ಇದನ್ನೆಲ್ಲ ಹೇಳಿದಾಗ ದೊಡ್ಡ ಡಾಕ್ಟ್ರು ಬಹಳ ನಕ್ಕರು. ಬದನೆಕಾಯಿಯ ಮಾತು ಬಂದಾಗ ಮಾತ್ರ ಅವರ ನಗು ನಿಂತಿತು. “ನಾನೂ ಎಷ್ಟು ಜನಕ್ಕೆ ಬಿಡಿಸಿದೀನೋ,” ಎಂದರು. “ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ.” ಎದ್ದು ಹೋಗಿ, ಬೇಸಿನ್ನಿನ ಮುಂದೆ ನಿಂತು, ಚಿತ್ರ ನೋಡಿಕೊಂಡು ಆರು ಹಂತವನ್ನೂ ಮಾಡಿದರು. ನಾಲ್ಕನೆಯದನ್ನು ತಪ್ಪಾಗಿ ಮಾಡಿದರು, ನಾನು ಏನೂ ಅನ್ನಲಿಲ್ಲ. ಆ ವಾರವೇ ಹೆಡ್ ಸಿಸ್ಟರು ಹಳೆಯ ಬೆಡ್‌ಶೀಟು ಕತ್ತರಿಸಿ ಚಿಕ್ಕ ಚಿಕ್ಕ ಟವೆಲು ಹೊಲಿಸಿದರು, ಒಂದು ಸಲ ಒರೆಸಿ ಬುಟ್ಟಿಗೆ ಹಾಕುವುದಕ್ಕೆ.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಚಳಿಗಾಲ ಬಂತು. ಹಾಸಿಗೆಗೊಂದು ಸಲ ತೊಳೆದು ತೊಳೆದು ದೊಡ್ಡ ಡಾಕ್ಟ್ರ ಕೈ ಒಡೆಯಿತು. ಯಾರೋ ತಿಪಟೂರಿನಿಂದ ಗಾಣದ ಕೊಬ್ಬರಿ ಎಣ್ಣೆ ತಂದುಕೊಟ್ಟರು. ಅವರು ಅದನ್ನು ವಾರ್ಡಿಗೇ ತಂದಿಟ್ಟುಕೊಂಡು, ಕೈ ತೊಳೆದು, ಎಣ್ಣೆ ಹಚ್ಚಿ, ಆಮೇಲೆ ರೋಗಿಯನ್ನು ಮುಟ್ಟತೊಡಗಿದರು. ಕೇಸ್ ಶೀಟುಗಳು ಬೋಂಡ ಕಟ್ಟಿದ ಕಾಗದದಂತಾದವು. ಸ್ಟೆತಸ್ಕೋಪು ಎರಡು ಸಲ ಜಾರಿ ಬಿತ್ತು.

“ಇದಕ್ಕೇನು ಹೇಳಿಕೊಟ್ಟಿದ್ದಾರೆ ಮೇಡಂ ನಿಮಗೆ?” ಎಂದು ಹೆಡ್ ಸಿಸ್ಟರು ನನ್ನನ್ನು ಕೇಳಿದರು.

ಏನೂ ಹೇಳಿಕೊಟ್ಟಿರಲಿಲ್ಲ. ನಾನು ಎರಡು ದಿನ ಯೋಚಿಸಿ, ಒಂದು ಬೆಳಿಗ್ಗೆ ಎಣ್ಣೆಯ ಬಾಟಲಿಯನ್ನು ತೆಗೆದುಕೊಂಡು ಹೋಗಿ ಅವರ ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. “ಮನೆಗೆ ಹೋದ ಮೇಲೆ ಹಚ್ಕೊಳ್ಳಿ ಸಾರ್,” ಎಂದೆ.

“ಆಯ್ತಮ್ಮ,” ಎಂದು ಅವರು ಕೈ ತೊಳೆಯಲು ಹೋದರು.